ಬಾಗಿಲು ಬಡಿದ ತಾಳ

ಬೆಳಗಾವಿಯ ಹೈಸ್ಕೂಲಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ ನನ್ನ ಮೊಮ್ಮಗಳ ರಾಕ್ ಬ್ಯಾಂಡ್ ಹಾಡು ಶುರುಮಾಡಿದ ಕೂಡಲೇ ಕರೆಂಟ್ ಹೋಯಿತು. ಗಿಟಾರು, ಮೈಕು ಸುಮ್ಮನಾದವು. ಖಾನಾಪುರದಿಂದ ಹೊಸದಾಗಿ ಬಂದು ಸೇರಿದ ಬ್ಯಾಂಡಿನ ಈ ಮೂವರು ಹುಡುಗಿಯರನ್ನು ತರಗತಿಯಲ್ಲಿ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ.

"ಖಾನಾಪುರ ಬಸ್ ಬಿಡಾಕತ್ತೈತಿ, ಓಡ್ರಬೇ!" ಎಂದು ಹಿಂದಿನ ಸಾಲಿನ ಹುಡುಗರು ಕೂಗಿದರು. ಇವತ್ತು ಅತ್ತು ವೇದಿಕೆ ಇಳಿದರೆ ನಾಳೆ ನನ್ನ ಹುಡುಗಿ ಶಾಲೆಗೇ ಹೋಗಲಾರಳು.

ಮೊಮ್ಮಗಳು ಡ್ರಮ್ ಬಾರಿಸಿದಳು. ಎರಡು ಜೋರಾಗಿ, ಒಂದು ಮೆಲ್ಲಗೆ. ನಸುಕಿನಲ್ಲಿ ಅವಳನ್ನು ಎಬ್ಬಿಸಲು ನಾನು ಬಾಗಿಲು ಬಡಿಯುವ ರೀತಿ ಅದು! ಗೆಳತಿಯರು ಆ ತಾಳಕ್ಕೇ ಮೈಕಿಲ್ಲದೆ ಬರಿಗೊರಳಲ್ಲಿ ಹಾಡಿದರು. ಕೂಗಿದವರೇ ಅದೇ ತಾಳಕ್ಕೆ ಬೆಂಚು ಬಡಿಯತೊಡಗಿದರು.

"ಅಜ್ಜಾ, ಅಂಜಿಕಿಗೆ ಎಲ್ಲಾ ಮರ್ತಿತ್ತು. ನೀವು ಬಾಗಲಾ ಬಡಿಯೂದಷ್ಟ ನೆನಪಾತು" ಎಂದಳು ಇಳಿದು ಬಂದವಳು.

ಈಗ ನಸುಕಿನಲ್ಲಿ ಅವಳ ಬಾಗಿಲ ಮುಂದೆ ನಿಂತಾಗ, ತಾಳ ತಪ್ಪೀತೆಂದು ಮೊದಲು ನನ್ನ ತೊಡೆಯ ಮೇಲೆ ಮೆಲ್ಲಗೆ ಬಡಿದು ನೋಡಿಕೊಳ್ಳುತ್ತೇನೆ.