ಆರತಿಗೆ ಬಂದ ಮರದ ತಟ್ಟೆ

ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಗರಾಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿ ಮರ ಕಡೆಯುವ ನನ್ನ ಲೇತ್ ಯಂತ್ರವಿದೆ, ಗರಗಸವಿದೆ, ಅಂಟಿನ ಡಬ್ಬಿಗಳಿವೆ. ಸ್ನೋ ಬಿದ್ದ ಬೆಳಗ್ಗೆ ಡ್ರೈವ್‌ವೇಯಲ್ಲಿ ಕಾರಿನ ಗಾಜು ಕೆರೆಯುತ್ತಾ ನನ್ನ ಗಂಡ ಗೊಣಗುತ್ತಾರೆ. ಗೊಣಗಲಿ. ಮನೆಗೆ ಬಂದವರಿಗೆ ನನ್ನ ಬಟ್ಟಲುಗಳನ್ನು ತೋರಿಸಿ ಬೀಗುವವರೂ ಅವರೇ.

ಮಗಳ ಮದುವೆ ನಿಶ್ಚಯವಾದಾಗ, ಆರತಿ ತಟ್ಟೆ ನಾನೇ ಮಾಡುತ್ತೇನೆ ಎಂದೆ. ಬಿಳಿ ಮೇಪಲ್ ಮರ, ಕಪ್ಪು ವಾಲ್‌ನಟ್ ಮರ. ಮರವನ್ನು ಓರೆಯಾಗಿ ಹೋಳು ಮಾಡಿ, ಬಳೆಯಂತೆ ಸುತ್ತ ಜೋಡಿಸಿ ಅಂಟಿಸಬೇಕು. ಒಣಗಿದ ಮೇಲೆ ಲೇತಿಗೇರಿಸಿ ಕಡೆಯಬೇಕು. ಕೋನ ಕೂದಲೆಳೆಯಷ್ಟು ತಪ್ಪಿದರೂ ಕೊನೆಯ ಹೋಳಿನ ಪಕ್ಕ ಬಿರುಕು ಹಲ್ಲು ಕಿರಿಯುತ್ತದೆ. ಕೆಲವರು ಅಲ್ಲಿ ಮರದ ಪುಡಿ ತುಂಬಿ ಮುಚ್ಚುತ್ತಾರೆ. ನಾನು ಆ ಪೈಕಿ ಅಲ್ಲ. ಬಿರುಕು ಬಿಟ್ಟ ಬಳೆಗಳೆಲ್ಲ ಫೈರ್‌ಪ್ಲೇಸ್ ಸೇರಿದವು.

ಬೀಗಿತ್ತಿ ಧಾರವಾಡದ ಕಡೆಯವರು, ಈಗ ವೆಸ್ಟ್ ವಿಂಡ್ಸರ್‌ನಲ್ಲಿ ಮನೆ. ಕೊನೆಗೂ ಮುಗಿದ ತಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಭಾಳ ಛಂದ ಅದ ರೀ. ಆದ್ರ ತುಂಡು ತುಂಡು ಜೋಡಿಸಿದ್ದು, ಆರತಿ ನೀರು ನಿಲ್ತದೇನು? ನಮ್ಮ ಮನಿ ಶೋಕೇಸ್‌ನ್ಯಾಗ ಇಡೋಣು."

ಮೈಯೆಲ್ಲ ಉರಿಯಿತು. ಮಗಳ ಅತ್ತೆಯೆಂದು ಹಲ್ಲು ಕಚ್ಚಿಕೊಂಡೆ. ನಿಜ ಹೇಳಬೇಕೆಂದರೆ, ನೀರು ತುಂಬಿ ನೋಡುವ ಧೈರ್ಯ ನನಗೂ ಇರಲಿಲ್ಲ.

ಮದುವೆ ಮುಗಿದು ಜೋಡಿ ಬೀಗರ ಮನೆ ಬಾಗಿಲಿಗೆ ಬಂದಾಗ ನೋಡಿದರೆ, ಅವರ ಬೆಳ್ಳಿ ಆರತಿ ತಟ್ಟೆ ಮದುವೆ ಹಾಲ್‌ನಲ್ಲೇ ಉಳಿದಿದೆ! ಯಾರೋ ಆಂಟಿ ಆತುರದಲ್ಲಿ ಶೋಕೇಸಿನಿಂದ ನನ್ನ ತಟ್ಟೆ ತೆಗೆದು, ಅರಿಶಿನ ಸುಣ್ಣ ಕದಡಿದ ಕೆಂಪು ನೀರನ್ನು ಸುರಿದೇಬಿಟ್ಟರು.

"ಅಯ್ಯೋ, ಅದು ಮೇಪಲ್ ಕಣ್ರೀ! ಕಲೆ ಹೋಗಲ್ಲ!" ಎಂದು ಕೂಗಿದೆ. ಯಾರು ಕೇಳಬೇಕು? ಅಷ್ಟರಲ್ಲಿ ಹಾಡು ಶುರುವಾಗಿತ್ತು.

ತಟ್ಟೆ ಹಿಡಿದ ಬೀಗಿತ್ತಿ ಉಟ್ಟಿದ್ದು ಕೆನೆ ಬಣ್ಣದ ರೇಷ್ಮೆ. ಒಂದು ಹನಿ ಸೋರಿದರೆ ನನ್ನ ಮಾನ ಆ ಸೀರೆಯ ಮೇಲೆ. ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದರೆ, ಹೆತ್ತ ತಾಯಿಯಾದ ನಾನು ತಟ್ಟೆಯ ತಳ ನೋಡುತ್ತಾ ನಿಂತಿದ್ದೆ.

ಬೀಗಿತ್ತಿ ನೀರನ್ನು ಬಾಗಿಲಾಚೆ ಚೆಲ್ಲಿ, ತಟ್ಟೆ ಒರೆಸಿ, ಅಂಗೈಯಿಂದ ತಳ ಸವರಿದರು. ಮತ್ತೊಮ್ಮೆ ಸವರಿದರು. "ಒಣಗೇ ಅದ ಅಲ್ರೀ!"

ಬಿಳಿ ಹೋಳುಗಳೆಲ್ಲ ಕೆಂಪಡರಿದ್ದವು. "ಕೊಡಿ, ಲೇತ್ ಮೇಲೆ ಹಾಕಿ ಕಲೆ ತೆಗೆದು ತರ್ತೀನಿ," ಎಂದು ಕೈ ಚಾಚಿದೆ.

ಅವರು ತಟ್ಟೆಯನ್ನು ಎದೆಗೊತ್ತಿಕೊಂಡು ಹಿಂದೆ ಸರಿದರು.

"ಕೆರೀಬ್ಯಾಡ್ರಿ. ನನ್ನ ಸೊಸಿ ಮನಿಗೆ ಬಂದ ಬಣ್ಣ ಇದು."

ಆ ಗಳಿಗೆಯಲ್ಲಿ ಇಡೀ ನ್ಯೂಜೆರ್ಸಿಯಲ್ಲಿ ನನ್ನಷ್ಟು ಹೆಮ್ಮೆಯವಳು ಇನ್ನೊಬ್ಬಳಿರಲಿಲ್ಲ.