ಮೂವತ್ತೊಂಬತ್ತನೇ ಪ್ರಶ್ನೆ

ಬೆಳಗಿನ ಐದು ಗಂಟೆ. ಅಡುಗೆಮನೆಯ ಮೇಜಿನ ಮೇಲೆ ಮೂರು ದಪ್ಪ ಪುಸ್ತಕ, ಒಂದು ಭೂತಗನ್ನಡಿ, ನಿನ್ನೆಯ ಪೇಪರು, ಆಗಲೇ ಆರಿಹೋದ ಚಹಾ. ಬನಿಯನ್ನಿನಲ್ಲಿ ಕೂತ ಐವತ್ತೆರಡರ ಈ ಮನುಷ್ಯ ಆಕ್ಟೋಪಸ್ಸಿನ ಹೃದಯಗಳನ್ನು ಎಣಿಸುತ್ತಿದ್ದಾರೆ. ಮೊದಲನೇ ಪುಸ್ತಕ ಮೂರು ಎನ್ನುತ್ತದೆ. ಎರಡನೆಯದೂ ಅದನ್ನೇ ಹೇಳುತ್ತದೆ. ಅವರು ಸುಮ್ಮನಾಗದೆ ಮೂರನೆಯದನ್ನು ಎಳೆದುಕೊಳ್ಳುತ್ತಾರೆ.

"ಅಲ್ಲಾ ರೀ, ಆ ಆಕ್ಟೋಪಸ್ಸೇ ಬಂದು ಎದೆ ಬಗೆದು ತೋರ್ಸಿದ್ರೂ ನೀವು ನಂಬಲ್ವಲ್ಲ," ಎನ್ನುತ್ತಾರೆ ಒಲೆಯ ಮುಂದಿರುವ ಹೆಂಡತಿ. ಇವರು ತಲೆ ಎತ್ತದೆ, "ಅದು ಬಂದ್ರೆ ಆ ಪ್ರಶ್ನೆ ಬಿಟ್ಟು ಬೇರೆ ಹಾಕ್ತೀನಿ," ಎನ್ನುತ್ತಾರೆ. ಕೊನೆಗೂ ಮೂರಕ್ಕೆ ಒಂದು ಟಿಕ್ ಬೀಳುತ್ತದೆ. ಪಕ್ಕದಲ್ಲಿ ಇವತ್ತಿನ ತಾರೀಖು ಬೀಳುತ್ತದೆ. ಈ ತಾರೀಖು ಯಾಕೆ ಎನ್ನುವುದು ಆಮೇಲೆ ತಿಳಿಯುತ್ತದೆ.

ಊರಿನ ಒಂಬತ್ತು ಬಾರುಗಳು ಸೇರಿ ನಡೆಸುವ ಕ್ವಿಜ್ ಲೀಗಿಗೆ ಪ್ರಶ್ನೆ ತೆಗೆಯುವವರು ಇವರೇ. ಬಾರಿನವರ ಬಾಯಲ್ಲಿ ಇವರು 'ಕ್ವಿಜ್ ಮೇಷ್ಟ್ರು'. ಮೇಷ್ಟರಿಕೆ ಒಂದು ದಿನವೂ ಮಾಡಿದವರಲ್ಲ, ಒಂದು ತೊಟ್ಟೂ ಕುಡಿದವರಲ್ಲ, ಆದರೂ ಹೆಸರು ಹಾಗೇ ನಿಂತಿದೆ. ಪ್ರತಿ ಬುಧವಾರ ಸಂಜೆ ಏಳಕ್ಕೆ ಎಲ್ಲ ಕಡೆಯೂ ಫೋನುಗಳು ಒಂದು ಬುಟ್ಟಿಗೆ ಬೀಳುತ್ತವೆ, ಮೇಜಿಗೆ ನಾಲ್ಕು ಜನ ತಲೆ ಸೇರಿಸುತ್ತಾರೆ, ಬಾರಿನವರು ನಲವತ್ತು ಪ್ರಶ್ನೆ ಓದುತ್ತಾರೆ. ಗೆದ್ದವರ ಹೆಸರು ಗೋಡೆಯ ಮೇಲಿನ ಹಲಗೆಗೆ ಹೋಗುತ್ತದೆ. ಪ್ರಶ್ನೆ ಬರೆದವರ ಹೆಸರು ಎಲ್ಲಿಗೂ ಹೋಗುವುದಿಲ್ಲ.

ವಾರಕ್ಕೆ ನಲವತ್ತು, ವರ್ಷಕ್ಕೆ ಮೂವತ್ತು ವಾರ, ಹೀಗೆ ಹನ್ನೊಂದು ವರ್ಷ. ಹದಿಮೂರು ಸಾವಿರದ ಹತ್ತಿರ ಪ್ರಶ್ನೆಗಳಾಗಿವೆ, ಎಲ್ಲವೂ ಕೈಬರಹದವು. ಒಂಬತ್ತು ಲಕೋಟೆಗಳನ್ನು ಅಂಟಿಸಿ, ಬುಧವಾರ ನಸುಕಿನಲ್ಲಿ ಸೈಕಲ್ ತುಳಿದು, ಮುಚ್ಚಿದ ಬಾಗಿಲುಗಳ ಕೆಳಗೆ ತಳ್ಳಿ ಬರುತ್ತಾರೆ. ಆಮೇಲೆ ಎಂಟಕ್ಕೆ ಬಸ್ ಡಿಪೋ. ಅಲ್ಲಿ ಇವರು ಟೈಮ್ ಕೀಪರು. ಯಾವ ಬಸ್ಸು ಎಷ್ಟು ನಿಮಿಷ ತಡವಾಗಿ ಬಂತು, ಯಾರು ಹೊರಡುವುದನ್ನು ಮರೆತು ಹರಟುತ್ತಾ ನಿಂತಿದ್ದರು, ಎಲ್ಲವನ್ನೂ ದಪ್ಪ ಪುಸ್ತಕದಲ್ಲಿ ಬರೆಯುವ ಕೆಲಸ. "ಇನ್ನೊಬ್ರ ತಪ್ಪು ಬರೆಯೋದೇ ನನ್ನ ನೌಕರಿ. ನಂದು ಬರೆಯೋಕೆ ಮಾತ್ರ ಕೈ ಬರ್ಲಿಲ್ಲ," ಎನ್ನುತ್ತಾರೆ.

ಒಳ್ಳೆಯ ಪ್ರಶ್ನೆ ಯಾವುದು ಎಂದು ಕೇಳಿದರೆ ಅವರ ಮುಖ ಅರಳುತ್ತದೆ. "ಯಾರಿಗೂ ಗೊತ್ತಿಲ್ದೇ ಇರೋದನ್ನ ಕೇಳೋದು ದೊಡ್ಡಸ್ತಿಕೆ ಅಲ್ಲ. ಉತ್ತರ ಕೇಳಿದ ತಕ್ಷಣ ಜನ ಹಣೆ ಚಚ್ಕೋಬೇಕು, 'ಅಯ್ಯೋ ನಂಗೆ ಗೊತ್ತಿತ್ತು' ಅನ್ಬೇಕು. ಮನುಷ್ಯನಿಗೆ ತನಗೇನೋ ಗೊತ್ತಿದೆ ಅನ್ನಿಸ್ಬೇಕು, ಅದಕ್ಕೇ ಬರ್ತಾರೆ ಅವ್ರು. ಕುಡಿಯೋಕಾಗಿದ್ರೆ ದಿನಾನೂ ಬಾರು ತೆಗೆದೇ ಇರುತ್ತೆ."

ಇದನ್ನು ಅವರು ಕಲಿತದ್ದು ಅಣ್ಣನಿಂದ. ಅಪ್ಪ ತೀರಿಕೊಂಡಾಗ ಅಣ್ಣನಿಗೆ ಹದಿನಾಲ್ಕು, ತಮ್ಮನಿಗೆ ಎಂಟು. ಅಣ್ಣ ಶಾಲೆಯ ಚೀಲವನ್ನು ಮೊಳೆಗೆ ನೇತುಹಾಕಿ ಲಾರಿ ಗ್ಯಾರೇಜಿಗೆ ಸೇರಿಕೊಂಡ. ತಮ್ಮನನ್ನು ಡಿಗ್ರಿಯವರೆಗೆ ಓದಿಸಿದ. ಎಂಜಿನ್ನಿನ ಕೆಳಗೆ ಎಣ್ಣೆ ಸೋರದಂತೆ ಹಾಸುವ ಹಳೇ ಪೇಪರುಗಳೇ ಆ ಅಣ್ಣನ ಕಾಲೇಜು. ಹಾಸುವ ಮೊದಲು ಒಂದೊಂದು ಹಾಳೆಯನ್ನೂ ಮೂಲೆಯಿಂದ ಮೂಲೆಗೆ ಓದಿಯೇ ಹಾಸುವುದು. ಟೆಂಡರ್ ನೋಟಿಸು, ಸತ್ತವರ ಫೋಟೋ, ಹವಾಮಾನ, ಯಾವುದನ್ನೂ ಬಿಡುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತರೆ, "ಲೋ, ಮಂಗೋಲಿಯಾದ ರಾಜಧಾನಿ ಯಾವ್ದು ಹೇಳು," ಎಂದು ಪಕ್ಕದವರ ಪ್ರಾಣ ತಿನ್ನುತ್ತಿದ್ದ. ಲೀಗು ಶುರುವಾದಾಗ ಗ್ಯಾರೇಜಿನ ತಂಡ ಕಟ್ಟಿದ್ದೂ ಅವನೇ.

ಅಣ್ಣ ಆಡುತ್ತಾನೆ, ತಮ್ಮ ಪ್ರಶ್ನೆ ತೆಗೆಯುತ್ತಾನೆ. ಜನರ ಬಾಯಿಗೆ ಇಷ್ಟು ಸಾಕಲ್ಲ. ಅದಕ್ಕೇ ಲೀಗಿನ ತಿಂಗಳುಗಳಲ್ಲಿ ತಮ್ಮ ಅಣ್ಣನ ಮನೆಗೆ ಕಾಲಿಡುತ್ತಿರಲಿಲ್ಲ. ಅತ್ತಿಗೆ ಊಟಕ್ಕೆ ಕರೆದರೂ ನೆಪ ಹೇಳುತ್ತಿದ್ದರು. ಹೀಗೆ ನಾಲ್ಕು ವರ್ಷ ಯಾರೂ ತುಟಿ ಪಿಟಿಕ್ಕೆನ್ನದಂತೆ ನಡೆಯಿತು. ಐದನೇ ವರ್ಷ ಗ್ಯಾರೇಜಿನ ತಂಡ ಫೈನಲ್‌ಗೆ ಬಂತು.

ಆ ಸಂಜೆ ಮೂವತ್ತೆಂಟು ಪ್ರಶ್ನೆ ಮುಗಿದಾಗ ಎರಡೂ ಮೇಜು ಸಮಸಮ. ಮೂವತ್ತೊಂಬತ್ತನೆಯದು, ಅತಿ ಹೆಚ್ಚು ಚಂದ್ರರಿರುವ ಗ್ರಹ ಯಾವುದು? ಎದುರು ಮೇಜಿನವರು ಗುರು ಎಂದು ಬರೆದರು. ಅಣ್ಣ ಶನಿ ಎಂದು ಬರೆದ. ಪ್ರಶ್ನೆ ಓದುತ್ತಿದ್ದ ಲೀಗಿನ ಕಾರ್ಯದರ್ಶಿಯ ಕೈಯಲ್ಲಿದ್ದ ಹಾಳೆಯಲ್ಲಿ ಇದ್ದದ್ದು ಗುರು. "ಶನಿ ಹೆಗಲೇರಿದ ಬಿಡಿ," ಎಂದು ಯಾರೋ ಕೂಗಿದರು, ಇಡೀ ಬಾರು ನಕ್ಕಿತು. ನಲವತ್ತನೆಯದನ್ನು ಇಬ್ಬರೂ ಸರಿ ಹೇಳಿದರು. ಗೆದ್ದವರಿಗೆ ಕೊಡುವ ಕಪ್ಪು ಒಂದೇ ಅಂಕದಲ್ಲಿ ಆಚೆ ಮೇಜಿಗೆ ಹೋಯಿತು.

ಗ್ಯಾರೇಜಿನ ತಂಡದ ಟೈರ್ ಅಂಗಡಿಯವನು ಜಗಳಕ್ಕೆ ಎದ್ದ. ಅಣ್ಣ ಅವನ ಅಂಗಿ ಹಿಡಿದು ಕೂರಿಸಿ ಹೇಳಿದ ಮಾತು ಗೋಡೆ ಬದಿಯಲ್ಲಿ ಸೋಡಾ ಹಿಡಿದು ಕೂತಿದ್ದ ತಮ್ಮನ ಕಿವಿಗೂ ಬಿತ್ತು. "ಸುಮ್ನೆ ಕೂತ್ಕೊಳೋ. ನನ್ ತಮ್ಮ ಮೂರು ಪುಸ್ತಕ ನೋಡ್ದೆ ಒಂದಕ್ಷರ ಬರೆಯಲ್ಲ. ನಾನೇ ಏನೋ ತಪ್ಪು ಓದಿರ್ಬೇಕು."

ಮರುದಿನ ಡಿಪೋದಲ್ಲಿ ಬುತ್ತಿ ಬಿಚ್ಚುವಾಗ ಬೆಂಚಿನ ಮೇಲೆ ಎರಡು ದಿನದ ಹಿಂದಿನ ಪೇಪರು ಬಿದ್ದಿತ್ತು. ಒಳಪುಟದಲ್ಲಿ ಬೆರಳುದ್ದದ ಸುದ್ದಿ. ಶನಿಗೆ ಹೊಸದಾಗಿ ಇಪ್ಪತ್ತು ಚಂದ್ರರು ಸಿಕ್ಕಿದ್ದಾರೆ, ಒಟ್ಟು ಎಂಬತ್ತೆರಡು, ಎಪ್ಪತ್ತೊಂಬತ್ತರ ಗುರು ಈಗ ಹಿಂದೆ. ಮೇಷ್ಟ್ರು ಬುತ್ತಿ ಮುಚ್ಚಿ, ಆ ಪೇಪರನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಮೂರೂ ಪುಸ್ತಕ ಒಂದೇ ಮಾತು ಹೇಳಿದ್ವು. ಸುಳ್ಳೇನಲ್ಲ, ಹಳೇದು ಅಷ್ಟೇ. ಅಣ್ಣ ಹೊಸದು ಓದಿದ್ದ."

ಹೇಳಿಬಿಡಬಹುದಿತ್ತು. ಹಿಂದೆ ಮೂರು ಸಲ ತಪ್ಪಾದಾಗ ಮುಂದಿನ ವಾರವೇ ತಿದ್ದುಪಡಿ ಓದಿಸಿದವರು ಇವರೇ. ಆದರೆ ಈ ಸಲ ತಿದ್ದಿದರೆ ಕಪ್ಪು ಅಣ್ಣನ ಮೇಜಿಗೆ ಬರುತ್ತದೆ. ತಮ್ಮ ಅಣ್ಣನಿಗೆ ಗೆಲ್ಲಿಸಿಕೊಟ್ಟ ಎಂದು ಊರು ಆಡಿಕೊಳ್ಳುತ್ತದೆ. ನಾಳೆ ಹೇಳೋಣ, ಮುಂದಿನ ಸೀಸನ್ನಿಗೆ ಹೇಳೋಣ ಎನ್ನುತ್ತಾ ಆರು ವರ್ಷ ಕಳೆಯಿತು. "ಹೆದರಿದೆ. ಅಣ್ಣನ ಹೆಸರು ಕೆಡುತ್ತೆ ಅಂತ ಅಂದ್ಕೊಂಡೆ. ಅದು ಬರೀ ನೆಪ. ಹೆದರಿದ್ದು ನನ್ನ ಹೆಸರಿಗೆ," ಎಂದು ಅವರೇ ಹೇಳುತ್ತಾರೆ, ಬೇರೆ ಯಾರೂ ಹೇಳಬೇಕಿಲ್ಲ.

ಅವತ್ತಿನಿಂದ ಮೇಜಿನ ಮೇಲೆ ಪುಸ್ತಕಗಳ ಜೊತೆ ಪೇಪರೂ ಬಂತು, ಪ್ರತಿ ಉತ್ತರದ ಪಕ್ಕ ತಾರೀಖೂ ಬಂತು. ಅಣ್ಣ ಮಾತ್ರ ಮತ್ತೆ ಬಾರಿನ ಮೆಟ್ಟಿಲು ಹತ್ತಲಿಲ್ಲ. ಗ್ಯಾರೇಜಿನಲ್ಲಿ ಅವನಿಗೆ 'ಶನಿಯಣ್ಣ' ಎಂಬ ಹೆಸರು ಅಂಟಿಕೊಂಡಿತು. ಕರೆದರೆ ನಗುತ್ತಾ ಓ ಎನ್ನುತ್ತಾನಂತೆ. ಮನೆಯ ಸುದ್ದಿ ಅತ್ತಿಗೆಯ ಬಾಯಿಂದ ಬಂತು. "ನಿಮ್ಮಣ್ಣ ಈಗ ಪೇಪರ್ ಓದೋದೇ ಇಲ್ಲ. ಯಾಕೆ ಅಂದ್ರೆ, ನಂಗೆ ಓದೋಕೆ ಬರಲ್ಲ ಬಿಡು, ಓದಿದ್ದು ತಲೆಗೆ ಹತ್ತಲ್ಲ ಅಂತಾರೆ. ಹಾಳೆ ಬಿಚ್ತಾರೆ, ಲಾರಿ ಕೆಳಗೆ ಹಾಸ್ತಾರೆ, ಅಷ್ಟೇ."

ಈ ಬುಧವಾರ ಲೀಗಿನ ಫೈನಲ್. ಈ ಸಲ ಪ್ರಶ್ನೆ ತೆಗೆಯುವವರ ಹೆಸರನ್ನೂ ಹಲಗೆಗೆ ಹಾಕಬೇಕೆಂದು ಕಾರ್ಯದರ್ಶಿ ಪಟ್ಟು ಹಿಡಿದಿದ್ದಾರೆ. ಮೇಷ್ಟ್ರಿಗೆ ಅದನ್ನು ಕೇಳಿದಾಗಿನಿಂದ ನಿದ್ದೆ ಹತ್ತಿಲ್ಲ. ಅಣ್ಣನಿಗೆ ಹೇಳದೆ ಆ ಹಲಗೆಯ ಮೇಲೆ ಹೆಸರು ಬರೆಸಿಕೊಂಡರೆ ತನ್ನ ಮುಖ ತಾನೇ ನೋಡಿಕೊಳ್ಳಲಾಗದು ಎಂದು ಹೆಂಡತಿಗೆ ಹೇಳಿ, ಭಾನುವಾರ ಬೆಳಿಗ್ಗೆ ಆ ಹಳೇ ಪೇಪರನ್ನು ಮಡಚಿ ಜೇಬಿಗಿಟ್ಟುಕೊಂಡು ಗ್ಯಾರೇಜಿಗೆ ಹೋದರು.

ಅಣ್ಣ ಲಾರಿಯ ಕೆಳಗಿದ್ದ. ಬರೀ ಎರಡು ಕಾಲು ಕಾಣುತ್ತಿದ್ದವು. ಆ ಕಾಲುಗಳಿಗೇ ಮೇಷ್ಟ್ರು ಎಲ್ಲವನ್ನೂ ಹೇಳಿದರು, ಯಾಕೆಂದರೆ ಮುಖ ನೋಡಿದ್ದರೆ ಹೇಳಲಾಗುತ್ತಿರಲಿಲ್ಲ. ಒಳಗೆ ಸ್ಪ್ಯಾನರಿನ ಸದ್ದು ನಿಂತಿತು. ಅಣ್ಣ ಹೊರಬಂದು, ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಪೇಪರು ಇಸಿದುಕೊಂಡು ಆ ಬೆರಳುದ್ದದ ಸುದ್ದಿಯನ್ನು ಎರಡು ಸಲ ಓದಿದ.

"ಕಪ್ಪು ಹೋಗ್ಲಿ ಕಣೋ, ಅದ್ರಲ್ಲೇನಿದೆ. ನೀನು ತಪ್ಪು ಬರ್ದಿದ್ದಕ್ಕೂ ನಂಗೆ ಬೇಜಾರಿಲ್ಲ," ಎಂದ. "ಊರಿಗೆ ಹೇಳೋದು ಬೇಡ ಇತ್ತು. ನಂಗೊಬ್ನಿಗೆ ಬಂದು ಹೇಳ್ಬೋದಿತ್ತು. ಆರು ವರ್ಷ ನಾನು ದಡ್ಡ ಅಂತ ನಂಬ್ಕೊಂಡು ಕೂತಿದ್ನಲ್ಲ."

ಬುಧವಾರ ಮೊದಲ ಪ್ರಶ್ನೆಗೂ ಮುಂಚೆ ತಿದ್ದುಪಡಿ ಓದಿಸುತ್ತೇನೆ, ನೀನು ಬಂದು ಕೂತರೆ ಸಾಕು, ಹಲಗೆಯ ಮೇಲೆ ನನ್ನ ಹೆಸರೇನೂ ಬೇಡ ಎಂದರು ಮೇಷ್ಟ್ರು. ಅಣ್ಣ ಪೇಪರನ್ನು ಮಡಚಿ ತನ್ನ ಜೇಬಿಗೇ ಇಟ್ಟುಕೊಂಡು ಮತ್ತೆ ಲಾರಿಯ ಕೆಳಗೆ ಸರಿದ. ತಮ್ಮ ಗೇಟಿನವರೆಗೆ ಹೋದಾಗ ಒಳಗಿಂದ ಕೂಗು ಬಂತು.

"ಈಗ ಎಷ್ಟಾಗಿವೆಯೋ?"

"ಏನು?"

"ಚಂದ್ರರು ಕಣೋ. ಶನಿಗೆ."

"ಇನ್ನೂರ ಎಪ್ಪತ್ತನಾಲ್ಕು, ಅಣ್ಣ."

ಲಾರಿಯ ಕೆಳಗೆ ಪೇಪರು ಬಿಚ್ಚಿದ ಸದ್ದಾಯಿತು.

"ನಾನು ಓದಿದಾಗ ಎಂಬತ್ತೆರಡಿತ್ತು."