ಗೆದ್ದವನು ನನ್ನಣ್ಣ

ನಮ್ಮಣ್ಣ ಮುನಿಶಾಮಪ್ಪನಿಗೆ ಸಿಟ್ಟು ಬಂದರೆ ಕನ್ನಡ ಮರೆತುಹೋಗುತ್ತಿತ್ತು. ಸಮಾಧಾನವಾಗಿದ್ದಾಗ ಕನ್ನಡ, ಅರೆಸಿಟ್ಟಿನಲ್ಲಿ ಎರಡೂ ಬೆರೆತ ಮಾತು, ಪೂರಾ ಸಿಟ್ಟು ಬಂದಿತೆಂದರೆ ಬರೀ ತೆಲುಗು. ಮುಳಬಾಗಿಲಿನ ನಮ್ಮ ಬೀದಿಯವರು ಅವನ ಮಾತು ಯಾವ ಭಾಷೆಯಲ್ಲಿ ನಡೆದಿದೆ ಎಂದು ಕೇಳಿಸಿಕೊಂಡೇ ನಮ್ಮ ಮನೆಯ ಹೊಸಿಲು ದಾಟುತ್ತಿದ್ದರು. ಎತ್ತಿಗೆ ಬಾರುಕೋಲು ಬೀಸಿದವನಿಗೆ ತೆಲುಗು, ತೂಕದಲ್ಲಿ ಮೋಸ ಮಾಡಿದ ಅಂಗಡಿಯವನಿಗೆ ತೆಲುಗು. ನನ್ನನ್ನು ಶಾಲೆ ಬಿಡಿಸಲು ಹೊರಟ ಅಪ್ಪನಿಗೂ ಅದೇ. "ಆಡಪಿಲ್ಲ ಚದುವುಕುಂಟೆ ನೀಕೇಮಿ ನಷ್ಟಂ?" ಎಂದು ಕೂಗಿದ್ದ. ಹೆಣ್ಣುಮಗು ಓದಿದರೆ ನಿನಗೇನು ನಷ್ಟ ಎಂದು ಅವನು ಅವತ್ತು ಕೇಳದೆ ಹೋಗಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಓದಿನ ಜೊತೆಗೆ ಅವನ ಸಿಟ್ಟೂ ನನಗೆ ಬಂದಿದೆ. ವಯಸ್ಸಾಯಿತು, ಮರೆತುಬಿಡು ಅನ್ನುತ್ತಾರೆ. ಮರೆಯುವುದಿಲ್ಲ.

ಅಣ್ಣ ಕೋಲಾರದ ಒಬ್ಬ ಸಾಹುಕಾರನ ಬಳಿ ಡ್ರೈವರಾಗಿದ್ದ. ಆ ಸಾಹುಕಾರನ ಹೆಸರು ಬರೆಯುವುದಿಲ್ಲ. ಬರೆದರೆ ಅದೂ ಅವನ ಕೀರ್ತಿಗೇ ಸೇರುತ್ತದೆ. ಅವನು ಇಂಗ್ಲಿಷರ ಸೀಮೆಯಿಂದ ಒಂದು ಪಂದ್ಯದ ಕಾರು ತರಿಸಿದ್ದ. ತಗ್ಗಾದ, ಮೇಲೆ ಮುಚ್ಚಳವಿಲ್ಲದ, ಒಬ್ಬನೇ ಕೂರುವ ಕೆಂಪು ಕಾರು. ಅದನ್ನು ಮುಟ್ಟಿದ ದಿನದಿಂದ ಅಣ್ಣನಿಗೆ ಬೇರೆ ಲೋಕವೇ ಬೇಡವಾಯಿತು. ಊರಿಗೆ ಬಂದು ಊಟಕ್ಕೆ ಕೂತರೆ ತಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾ ನನಗೆ ಪಾಠ ಹೇಳುತ್ತಿದ್ದ. ಮುದ್ದೆ ಒಂದು ಕಡೆ, ಸಾರು ಒಂದು ಕಡೆ. "ತಿರುವಿನಾಗೆ ಹೆದರೋನೂ ಬೀಳ್ತಾನೆ, ಮೆರೆಯೋನೂ ಬೀಳ್ತಾನೆ ಕಣಮ್ಮ. ಕಣ್ಣು ಮುಂದಿನ ತಿರುವಿಗೆ ಹೋಗ್ಬೇಕು. ಕೈ ಅದರ ಹಿಂದೇನೇ ಬರ್ತದೆ." ಅಮ್ಮ ಸೌಟು ಹಿಡಿದುಕೊಂಡು, "ಮೊದ್ಲು ಉಣ್ಣೋ, ಕಾರು ಆಮೇಲೆ ಓಡ್ಸೀವಂತೆ" ಅನ್ನುತ್ತಿದ್ದಳು.

ಬೆಂಗಳೂರಿನ ದಂಡಿನ ಬಿಳಿ ದೊರೆಗಳು ವರ್ಷಕ್ಕೊಮ್ಮೆ ಮೋಟಾರು ಪಂದ್ಯ ನಡೆಸುತ್ತಿದ್ದರು. ಕಾರಿನ ಮಾಲೀಕನೇ ಓಡಿಸಬೇಕು, ಕೂಲಿಯ ಡ್ರೈವರುಗಳಿಗೆ ಅವಕಾಶವಿಲ್ಲ ಎಂಬುದು ಅವರ ಕಾನೂನು. ನಮ್ಮ ಸಾಹುಕಾರನಿಗೋ ಸಂತೆಬೀದಿಯಲ್ಲಿ ಕಾರು ತಿರುಗಿಸಲೂ ಬರುತ್ತಿರಲಿಲ್ಲ. ಎತ್ತರದಲ್ಲಿ ಮಾತ್ರ ಇಬ್ಬರೂ ಒಂದೇ. ಚರ್ಮದ ಟೋಪಿ, ಮುಖ ಮುಚ್ಚುವ ಕನ್ನಡಕ, ಖಾಕಿ ಅಂಗಿ ತೊಟ್ಟು ಸಾಹುಕಾರ ಎಲ್ಲರ ಕೈ ಕುಲುಕಿ ಡೇರೆಯೊಳಗೆ ಹೋಗುತ್ತಿದ್ದ. ಅದೇ ವೇಷದಲ್ಲಿ ಆಚೆ ಬಂದು ಕಾರು ಹತ್ತುತ್ತಿದ್ದವನು ನಮ್ಮಣ್ಣ. ಪಂದ್ಯ ಮುಗಿದ ಮೇಲೆ ಮತ್ತೆ ಡೇರೆ, ಮತ್ತೆ ಅದಲುಬದಲು. ಅಣ್ಣನ ಬೆವರು ಹಿಡಿದ ಟೋಪಿಯನ್ನು ಸಾಹುಕಾರ ತಲೆಗೆ ಹಾಕಿಕೊಂಡು, ದೊರೆಗಳ ಕೈಯಿಂದ ಬೆಳ್ಳಿ ಬಟ್ಟಲು ಈಸಿಕೊಳ್ಳುತ್ತಿದ್ದ.

ಒಂದು ವರ್ಷವಲ್ಲ, ಮೂರು ವರ್ಷ ಸತತ ಅಣ್ಣ ಗೆದ್ದ. ಪ್ರತಿ ಸಲವೂ ಅಮ್ಮ ಕುರುಡುಮಲೆಗೆ ನಡೆದುಹೋಗಿ ಗಣೇಶನಿಗೆ ಕಾಯಿ ಒಡೆಸಿ ಬಂದಳು, ಯಾಕೆಂದು ಯಾರಿಗೂ ಹೇಳದೆ. ಕೋಲಾರದಲ್ಲಿ ಸಾಹುಕಾರನಿಗೆ ವಾಲಗದ ಮೆರವಣಿಗೆ. ಅವನು ಇನ್ನೊಂದು ತೆರೆದ ಕಾರಿನ ಹಿಂದಿನ ಸೀಟಿನಲ್ಲಿ ಹಾರ ಹಾಕಿಕೊಂಡು, ಬಟ್ಟಲು ಎತ್ತಿ ಹಿಡಿದು ನಿಂತಿದ್ದ. ಆ ಕಾರನ್ನು ಹೆಜ್ಜೆಹೆಜ್ಜೆಗೆ ನಿಲ್ಲಿಸಿ ನಡೆಸುತ್ತಿದ್ದವನೂ ನಮ್ಮಣ್ಣನೇ. ನಾನು ಬೀದಿಯ ಬದಿಯಲ್ಲಿ ನಿಂತು ಹಲ್ಲು ಕಚ್ಚಿದೆ.

"ನಿಂಗೆ ಸಿಟ್ಟು ಬರಲ್ವೇನಣ್ಣ?" ಎಂದು ಅಂದು ಸಂಜೆ ಕೇಳಿದೆ.

"ಬರ್ತದೆ. ಆದ್ರೆ ಅಂಥ ಕಾರು ನಂಗೆ ಇನ್ಯಾರು ಕೊಡ್ತಾರೆ? ಕುಂತಿರೋ ಗಂಟ ಅದು ನಂದೇ ಕಣಮ್ಮ" ಎಂದ.

ನಾಲ್ಕನೆಯ ಸಲ ಆದದ್ದನ್ನು ನನಗೆ ಹೇಳಿದವನು ಬಾಷಾ. ಕಾರಿನ ರಿಪೇರಿ ನೋಡಿಕೊಳ್ಳುತ್ತಿದ್ದ ಮಾಲೂರಿನವನು, ಅಣ್ಣನ ಜೀವದ ಗೆಳೆಯ. ಪಂದ್ಯದ ಬೆಳಿಗ್ಗೆಯೇ ಅಣ್ಣ ಸಾಹುಕಾರನಿಗೆ, "ಬ್ರೇಕು ಒಂದು ಕಡೆಗೇ ಎಳೀತಾ ಐತೆ ಸ್ವಾಮಿ, ಇವತ್ತು ಬೇಡ" ಎಂದಿದ್ದನಂತೆ. ಸಾಹುಕಾರ, "ದಿವಾನರ ಕಡೆಯೋರು ಬಂದವ್ರೆ, ಬೇಡ ಅಂದ್ರೆ ನನ್ನ ಮಾನ ಏನಾಗ್ಬೇಕು? ಹತ್ಲಾ" ಎಂದು ಗದರಿದನಂತೆ. ಕೊನೆಯ ತಿರುವಿನಲ್ಲಿ ಮಜ್ಜಿಗೆ ಮಾರುವ ಮುದುಕನೊಬ್ಬ ಹಗ್ಗದಡಿ ನುಸುಳಿ ದಾರಿಗೆ ಬಂದ. ಅಣ್ಣ ಬ್ರೇಕು ತುಳಿದ. ಕಾರು ಎಳೆದ ಕಡೆಗೇ ಆ ಮುದುಕನಿದ್ದ.

"ಅಣ್ಣ ಇಳಿದು ಓಡಿಹೋಗಿ ಆ ಮುದುಕನ್ನ ತೊಡೆ ಮೇಲೆ ಹಾಕ್ಕೊಂಡ ಅಕ್ಕಾ. ಕನ್ನಡಕ ತೆಗೆದು ಬಿಸಾಕ್ದ" ಎಂದು ಬಾಷಾ ಅತ್ತ. "ಪೊಲೀಸ್ರು ಬರೋದ್ರೊಳಗೆ ಸಾಹುಕಾರ್ರು ಡೇರೆಯಿಂದ ಆಚೆ ಬಂದ್ರು. ಟೋಪಿ ಇಲ್ಲ, ಖಾಕಿ ಇಲ್ಲ, ಮಲ್ಲಿನ ಪಂಚೆ. 'ನಂಗೆ ಮೈ ಸರಿ ಇರ್ಲಿಲ್ಲ, ನಮ್ಮ ಡ್ರೈವರು ಹೇಳ್ದೆ ಕೇಳ್ದೆ ಹತ್ತಿಬಿಟ್ಟ' ಅಂದ್ರು. ಖುದಾ ಕಸಂ, ನನ್ನ ಕಿವಿಯಾರ ಕೇಳ್ದೆ."

ಅಷ್ಟೂ ವರ್ಷ ಎಲ್ಲಿಯೂ ಇಲ್ಲದ ನನ್ನಣ್ಣನ ಹೆಸರು ಆ ದಿನ ಎಲ್ಲರ ಬಾಯಿಗೂ ಬಂತು. ಗೆದ್ದಾಗ ಸಾಹುಕಾರ, ಕೊಂದಾಗ ಮುನಿಶಾಮಪ್ಪ. ಜೈಲಾಯಿತು, ಲೈಸೆನ್ಸು ಹೋಯಿತು. ಅಮ್ಮ ಅವನು ಹಿಂತಿರುಗುವುದನ್ನು ನೋಡದೆ ಸತ್ತಳು.

ಬಿಡುಗಡೆಯಾದ ದಿನ ಅಣ್ಣ ಮನೆಗೆ ಬರಲಿಲ್ಲ, ನೇರ ಸಾಹುಕಾರನ ಮನೆಗೆ ಹೋದ. ಅವನು ಅಲ್ಲಿಗೇ ಹೋಗುತ್ತಾನೆಂದು ಬಾಷಾ ಮುಂಚೆಯೇ ಹೇಳಿದ್ದರಿಂದ ನಾನೂ ಹೋಗಿದ್ದೆ. ಜಗಲಿಯಲ್ಲಿ ನಾಲ್ಕಾರು ಜನ ದೊಡ್ಡವರು ಕೂತಿದ್ದರು. ಸಾಹುಕಾರ ಎದ್ದು, "ಬಾರಪ್ಪ ಶಾಮಪ್ಪ, ಮಾವಿನ ತೋಟದ ಕಾವಲಿಗೆ ಜನ ಬೇಕಾಗಿತ್ತು" ಎಂದ.

"ನಿನ್ನ ಕೆಲಸ ಬೇಡ" ಎಂದ ಅಣ್ಣ. ಅವನು ಸಾಹುಕಾರನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಆ ಮುದುಕ ಸತ್ತಿದ್ದು ನನ್ನ ಕೈಯಾಗೇ. ಇಲ್ಲ ಅನ್ನಲ್ಲ, ಅದಕ್ಕೆ ಜೈಲಿಗೂ ಹೋಗಿಬಂದೆ. ಅವತ್ತು ಕಾರು ಓಡ್ಸಿದ್ದು ನಾನು ಅಂತ ಹೇಳ್ದಲ್ಲ, ಅದೇ ಬಾಯಾಗೆ ಅದರ ಹಿಂದಿನ ಮೂರು ಸಲಾನೂ ನಾನೇ ಅಂತ ಈ ಜನದ ಮುಂದೆ ಹೇಳು. ಅಷ್ಟು ಸಾಕು."

ಸಾಹುಕಾರ ಜಗಲಿಯವರ ಕಡೆ ತಿರುಗಿ ನಕ್ಕ. "ಪಾಪ, ಜೈಲಿನಲ್ಲಿ ತಲೆ ಕೆಟ್ಟಿದೆ." ಎಲ್ಲರೂ ನಕ್ಕರು.

"ಏಮಿರಾ, ನುವ್ವು ಮನಿಷಿವೇನಾ?" ಎಂದು ಅಣ್ಣ ಗರ್ಜಿಸಿದ. ನೀನೂ ಒಬ್ಬ ಮನುಷ್ಯನೇ ಎಂದು ಕೇಳಿದವನನ್ನು ಆಳುಗಳು ಕುತ್ತಿಗೆ ಹಿಡಿದು ಬೀದಿಗೆ ನೂಕಿದರು.

ಆಮೇಲೆ ಅವನು ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನ ಬುಟ್ಟಿ ಹೊತ್ತ. ಯುದ್ಧ ಶುರುವಾಯಿತು. ಯುದ್ಧನಿಧಿಗಾಗಿ ಕೋಲಾರದ ಮೈದಾನದಲ್ಲಿ ಸಭೆ ಸೇರಿಸಿದ ಅಧಿಕಾರಿಗಳು, ಪಂದ್ಯ ಗೆದ್ದ ಸಾಹುಕಾರರು ಜನರೆದುರು ಕಾರು ಓಡಿಸಿ ತೋರಿಸಬೇಕೆಂದು ಕೇಳಿಕೊಂಡರು. ಸಾಹುಕಾರ ಬಾಷಾನ ಕೈಯಲ್ಲಿ ಟೋಪಿ, ಕನ್ನಡಕ ಕೊಟ್ಟು ಅಣ್ಣನ ಬಳಿಗೆ ಕಳಿಸಿದ. ಎಂಥ ಎದೆಗಾರಿಕೆ! ಅಣ್ಣ ಬಂದ. ಟೋಪಿ ಹಾಕಿಕೊಳ್ಳಲಿಲ್ಲ. ಎಲ್ಲರ ಮುಂದೆ ನಡೆದುಹೋಗಿ ಅದನ್ನು ಸಾಹುಕಾರನ ಕೈಗೇ ಇಟ್ಟು, "ಓಡ್ಸು" ಎಂದು ಹೇಳಿ, ಸಭೆ ನೋಡಲು ಬಂದಿದ್ದ ನನ್ನ ಪಕ್ಕ ಬಂದು ಕೂತ.

ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಸಾಹುಕಾರ ಹತ್ತಿದ. ಕಾರು ಕಪ್ಪೆಯ ಹಾಗೆ ನೆಗೆದು ಪೆಂಡಾಲಿನ ಕಂಬಕ್ಕೆ ಗುದ್ದಿತು. ಚಪ್ಪರ ಅಧಿಕಾರಿಗಳ ಮೇಲೆ ಕುಸಿಯಿತು. ನಾನು ಕೈತಟ್ಟಿ ನಕ್ಕೆ. ಇನ್ನು ಸತ್ಯ ಬಯಲಾಯಿತು ಅಂದುಕೊಂಡೆ. ಆದರೆ ನಮ್ಮ ಹಿಂದಿದ್ದವರು ಆಡಿದ ಮಾತೇನು? "ಪಾಪ, ಎಂಥಾ ಓಡಿಸೋರು ಅವ್ರು! ಆ ಡ್ರೈವರ್ ನನ್ಮಗ ಮಾಡಿದ ಕೊಲೆಯಿಂದ ಅವರ ಧೈರ್ಯಾನೇ ಹೊರಟೋಯ್ತು."

ಅಣ್ಣನಿಗೆ ಅವತ್ತು ತೆಲುಗೂ ಬರಲಿಲ್ಲ. ಎದ್ದು ಹೋದ. ಹಣವಂತನ ಸುಳ್ಳನ್ನು ಅವನೊಬ್ಬನೇ ಕಾಯುವುದಿಲ್ಲ, ಊರೇ ಸೇರಿ ಕಾಯುತ್ತದೆ. ನನಗೆ ಇಂದಿಗೂ ಸಾಹುಕಾರನಿಗಿಂತ ಆ ಊರಿನ ಮೇಲೇ ಹೆಚ್ಚು ಕೋಪ.

ಸೈನ್ಯಕ್ಕೆ ಲಾರಿ ಓಡಿಸುವವರು ಬೇಕಾಗಿದ್ದರು. ಅವರು ಹಳೆಯದೇನೂ ಕೇಳಲಿಲ್ಲ, ಅಣ್ಣ ಸೇರಿಕೊಂಡ. ಬರ್ಮಾದ ಕಡೆ ಹೋದವನು ಮರಳಿ ಬರಲಿಲ್ಲ. ಎಲ್ಲಿ, ಹೇಗೆ ಎಂದು ನಮಗೆ ಯಾರೂ ಹೇಳಲಿಲ್ಲ.

ಅವನು ಹೊರಡುವ ದಿನ ನಾನು ನರಸಾಪುರದ ನನ್ನ ಗಂಡನ ಮನೆಯಿಂದ ಬುತ್ತಿ ಕಟ್ಟಿಕೊಂಡು ಕೋಲಾರಕ್ಕೆ ಹೋದೆ. ಲಾರಿಗಳು ಸಾಲಾಗಿ ನಿಂತಿದ್ದವು. ಅಣ್ಣ ನನ್ನನ್ನು ನೋಡಿ, ಬಾಗಿಲು ತೆರೆದು, "ಹತ್ತಮ್ಮ" ಎಂದ. ಅವನು ಓಡಿಸುವ ಗಾಡಿಯಲ್ಲಿ ನಾನು ಅದುವರೆಗೆ ಒಮ್ಮೆಯೂ ಕೂತಿರಲಿಲ್ಲ. ಪಂದ್ಯವನ್ನೂ ನೋಡಿರಲಿಲ್ಲ, ಹೆಂಗಸರನ್ನು ಅಲ್ಲಿಗೆ ಯಾರು ಕರೆದೊಯ್ಯುತ್ತಿದ್ದರು?

ಲಾರಿ ಸಾಲು ಬಿಟ್ಟು ಕೆರೆ ಏರಿಗೆ ನುಗ್ಗಿತು. ಹಿಂದೆ ಯಾರೋ ಇಂಗ್ಲಿಷಿನಲ್ಲಿ ಬೊಬ್ಬೆ ಹೊಡೆದರು.

"ಜೋರಾಗಿ ಓಡ್ಸಣ್ಣ" ಎಂದೆ.

"ಲಾರಿ ಕಣಮ್ಮ ಇದು."

"ಆಗ್ಲಿ. ಇನ್ನೂ ಜೋರು."

ಅವನು ನಕ್ಕು ಕಾಲು ಒತ್ತಿದ. ನೀರು, ಏರಿಯ ಕಲ್ಲು, ಮರ ಎಲ್ಲ ಒಂದೇ ಗೆರೆಯಾಯಿತು. ಸೆರಗು ಹಾರಿ ಮುಖಕ್ಕೆ ಬಡಿಯಿತು. ತಿರುವು ಬಂದಾಗ ನಾನು ಕಿರುಚಿಕೊಂಡೆ. ಅವನ ಕೈ ಅಲುಗಿದ್ದೇ ಕಾಣಲಿಲ್ಲ, ಅಷ್ಟು ದೊಡ್ಡ ಲಾರಿ ಹಸುವಿನ ಹಾಗೆ ಹೇಳಿದ ಕಡೆಗೆ ಹೊರಳಿತು. ಮತ್ತೆ ಮೈದಾನಕ್ಕೆ ತಂದು ನಿಲ್ಲಿಸಿದಾಗ ಸಾರ್ಜೆಂಟನೊಬ್ಬ ಮುಖ ಕೆಂಪಗೆ ಮಾಡಿಕೊಂಡು ಓಡಿ ಬರುತ್ತಿದ್ದ. ಅಣ್ಣ ಅವನ ಕಡೆ ನೋಡಲೇ ಇಲ್ಲ.

"ನೋಡ್ದೇನಮ್ಮ?" ಎಂದು ಕೇಳಿದ.

"ನೋಡ್ದೆ ಅಣ್ಣ" ಎಂದೆ.